ಕ ಮಾತ್ರ ಕದಲಿಲ್ಲ

ಕಾರವಾರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ
ನನ್ನ ಟೈಪಿಂಗ್ ಕೋಣೆ. ಮೂರು ಕಂಪ್ಯೂಟರು, ಒಂದೇ ಫ್ಯಾನು.
ವಿಂಡೋಸು ಹಳೆಯದು, ನುಡಿ ಇರುವುದು ಅದರಲ್ಲೇ.
ಇನ್ನೊಂದಕ್ಕೆ ವೈರಸ್ಸು ಹತ್ತಿದ ವರ್ಷ
ಭಾವನ ಮಗ ಪ್ರಥಮೇಶ ಲಿನಕ್ಸ್ ಹಾಕಿ
"ಪುಕ್ಕಟೆ, ಕಾಕಿ" ಅಂದ.
ಮ್ಯಾಕು, ಕೋಡಿಬಾಗದ ಫೋಟೋ ಸ್ಟುಡಿಯೋ ಮುಚ್ಚಿದಾಗ
ಬರಬೇಕಾದ ದುಡ್ಡಿನ ಬದಲಿಗೆ ಬಂದದ್ದು.

ಮುಚ್ಚುವ ಗುಂಡಿ ಅವೆರಡರಲ್ಲಿ ಬಲಕ್ಕೆ, ಇದರಲ್ಲಿ ಎಡಕ್ಕೆ;
ಕೆಂಪು ಚುಕ್ಕೆ, ಒತ್ತಿದರೂ ಪೂರ್ತಿ ಮುಚ್ಚುವುದಿಲ್ಲ,
ಇನ್ನೂ ಇದ್ದೇನೆಂದು ಕೆಳಗೊಂದು ಬೊಟ್ಟು ಇಡುತ್ತದೆ.
ಅಲ್ಲಿ ನಕಲಿಗೆ ಕಿರುಬೆರಳು, ಇಲ್ಲಿ ಹೆಬ್ಬೆರಳು.
ರಾತ್ರಿ ಮನೆಯಲ್ಲಿ ನನ್ನ ಕೈ
ಸ್ವಿಚ್ಚಿಲ್ಲದ ಗೋಡೆಯಲ್ಲಿ ಸ್ವಿಚ್ಚು ಹುಡುಕುತ್ತದೆ.

ಮೊನ್ನೆ ಬೈತಖೋಲದಿಂದ ಒಬ್ಬಳು ಬಂದಳು.
ಬುಟ್ಟಿ ಹೊರಗಿಟ್ಟು, ಕೈಯೊರೆಸಿ,
ಪ್ಲಾಸ್ಟಿಕ್ ಕೊಟ್ಟೆಯಿಂದ ಕಾಗದ ಬಿಡಿಸಿದಳು:
ರೇಷನ್ನಿನಲ್ಲಿ ಗೋದಿ ಹರಿಕಾಂತ,
ಬ್ಯಾಂಕಿನಲ್ಲಿ ಗೋದಾಬಾಯಿ ಹರಿಕಂತರ,
ಆಧಾರಿನಲ್ಲಿ ಗೋದಾವರಿ ಹರಿಕಂತ್ರ.
"ಬೋಟಿನ ವಿಮೆ ಇವರಲ್ಲಿ ಯಾರಿಗೆ ಅಂತ ಕೇಳ್ತಾರೆ ಬಾಯಿ.
ಮೂರೂ ನಾನೇ ಅಂತ ಬರಿ."

ನೋಟರಿ ನಾಲ್ಕಕ್ಕೆ ಏಳುತ್ತಾರೆ.
ವಿಂಡೋಸಿಗೆ ಆಗಲೇ ಅಪ್ಡೇಟು ಹಿಡಿದು
ಮೂವತ್ತು ಪರ್ಸೆಂಟಿನಲ್ಲಿ ಬುಗುರಿ ತಿರುಗುತ್ತಿತ್ತು.
ಲಿನಕ್ಸಿಗೆ ಕುಳಿತೆ. ಬೆರಳಿಗೆ ನುಡಿಯದೇ ರೂಢಿ.
ಹರಿ ಎಂದು ಒತ್ತಿದೆ, ಪೀಗ ಎಂದು ಮೂಡಿತು.
ಅಳಿಸಿದೆ. ಒತ್ತಿದೆ. ಪೀಗ.
ಅವಳು ಪರದೆಗೆ ಬಗ್ಗಿ "ಚಂದ ಬಂತು" ಅಂದಳು.

ಆಮೇಲೆ ಕ.
ಅದೊಂದು ಬಂತು, ಕೇಳಿದ ಕೂಡಲೇ.
ಆ ಮಣೆಯಲ್ಲೂ ಈ ಮಣೆಯಲ್ಲೂ
ಬಲಗೈ ನಡುಬೆರಳ ಕೆಳಗೆ, ಇದ್ದಲ್ಲೇ;
ಇಷ್ಟು ವರ್ಷ ಒತ್ತಿದವಳು ನಾನು, ಗಮನಿಸಿರಲಿಲ್ಲ.
ಉಳಿದವನ್ನು ಒಂದೊಂದೇ ಹುಡುಕಿ ಹೆಕ್ಕಿದೆ,
ಗಾಳದ ಗಂಟು ಬಿಡಿಸುವ ಹಾಗೆ:
ಮೇಲ್ಕಾಣಿಸಿದ ಮೂರೂ ಹೆಸರುಗಳು ಒಬ್ಬಳೇ ವ್ಯಕ್ತಿಯವು,
ಸದರಿ ವ್ಯಕ್ತಿ ನಾನೇ ಎಂದು.

"ಬೇರೆ ಹೆಸರು ಏನಾದರೂ ಇದೆಯಾ?" ಕೇಳಿದೆ.
"ದಕ್ಕೆಯಲ್ಲಿ ಬಾಂಗಡೆ ಬಾಯಿ ಅಂತಾರೆ.
ಅದನ್ನ ಬರೀಬೇಡ ಮತ್ತೆ, ನಾಲ್ಕಾಗ್ತದೆ."
ನಕ್ಕಳು. ಫ್ಯಾನು ಕಾಗದ ಹಾರಿಸಿತು,
ಮೊಣಕೈಯಿಂದ ಒತ್ತಿ ಹಿಡಿದಳು.

ಹೆಬ್ಬೆಟ್ಟಿನ ಶಾಯಿ ಬಾಗಿಲ ಚೌಕಟ್ಟಿಗೆ ಒರೆಸಿ
ನೋಟರಿಯ ಕಡೆ ಓಡಿದಳು, ಬುಟ್ಟಿ ಇಲ್ಲೇ ಬಿಟ್ಟು.
ಮುಚ್ಚೋಣವೆಂದು ಇಲಿ ಹಿಡಿದೆ.
ಬಾಣ ಮೊದಲು ಎಡಕ್ಕೆ ಹೋಯಿತು,
ಅಲ್ಲಿ ಏನೂ ಇಲ್ಲದೆ ಸ್ವಲ್ಪ ನಿಂತಿತು,
ಆಮೇಲೆ ಬಲಕ್ಕೆ ಬಂತು.