ಎಡ ನಾಲ್ಕು

ಇಪ್ಪತ್ತಾರು ವರ್ಷ
ಈ ರಸ್ತೆಗೆ ತಲೆ ಬಾಚಿದ್ದೇನೆ.
ಹಳದಿ ಗ್ರೇಡರು, ಹೊಟ್ಟೆಯಡಿ ಓರೆಯಾಗಿ ಅಲಗು,
ಗಂಟೆಗೆ ಎಂಟು ಕಿಲೋಮೀಟರು.
ಅಂಚಿಗೆ ಓಡಿಹೋದ ಜಲ್ಲಿಯನ್ನು
ಕಿವಿ ಹಿಡಿದು ನಡುವಿಗೆ ತರುವುದು,
ನೀರು ನಿಲ್ಲದಂತೆ ಬೆನ್ನು ಕೊಂಚ ಉಬ್ಬಿಸುವುದು.
ಅಷ್ಟೇ ಕೆಲಸ. ಚೆನ್ನಾಗಿ ಮಾಡಿದರೆ
ಯಾರಿಗೂ ಗೊತ್ತಾಗುವುದಿಲ್ಲ.

ಕುರ್ಜೆಮೆಯ ಈ ಮೂಲೆಗೆ ಡಾಂಬರು ಬರುತ್ತದೆಂದು
ಮೂರು ಸರಕಾರ ಹೇಳಿ ಹೋದವು.
ಬಂದದ್ದು ರ‍್ಯಾಲಿ.
ಡಾಂಬರಿಲ್ಲದ್ದಕ್ಕೇ ಬಂತಂತೆ.
ಇಂಥ ಜಲ್ಲಿ ಬೇರೆಲ್ಲೂ ಸಿಗುವುದಿಲ್ಲ ಎಂದ
ಕೊರಳಲ್ಲಿ ಗುರುತಿನ ಚೀಟಿ ತೂಗಿಕೊಂಡ ಹುಡುಗ.
ಬೂಟಿನೊಳಗಿಂದ ಒಂದು ತೆಗೆದು ನೋಡಿದೆ.
ಕಲ್ಲೇ.

ಶನಿವಾರ ಹಾಲಿನ ಲಾರಿ ನಾಲ್ಕಕ್ಕೇ ಬಂದು ಹೋಯಿತು.
ಆಮೇಲೆ ಅಡ್ಡಪಟ್ಟಿ ಕಟ್ಟಿದರು.
ವೆಲ್ಗಾ ಬೇಲಿಯ ಪಕ್ಕ ಮೇಜು ಹಾಕಿ
ಸೇಬಿನ ರಸ ಮಾರಲು ಕೂತಳು,
ತಂದೆಯ ಹಳೇ ಕೋಟು ಹೊದ್ದು.

ಮೊದಲು ಸದ್ದು.
ಸ್ಪ್ರೂಸ್ ಕಾಡಿನಾಚೆ ಯಾರೋ ಬಟ್ಟೆಯ ಥಾನು ಹರಿದಂತೆ,
ಉದ್ದಕ್ಕೆ, ಇನ್ನೂ ಉದ್ದಕ್ಕೆ.
ಕಾಗೆಗಳು ಸುಮ್ಮನಾದವು.
ಆಮೇಲೆ ದಿಬ್ಬದ ಮೇಲೆ ಒಂದು ಕಾರು,
ನಾಲ್ಕೂ ಚಕ್ರ ನೆಲದ ಋಣ ಹರಿದುಕೊಂಡು.
ಇಳಿಯಿತು. ಅಡ್ಡಡ್ಡ ಜಾರಿತು.
ಮೂಗು ಕಾಡಿಗೆ, ಹೋಗುವುದು ರಸ್ತೆಗೆ:
ಏಡಿಯ ನಡಿಗೆ, ಸಿಡಿಲಿನ ಅವಸರ.
ನನ್ನ ಇಪ್ಪತ್ತಾರು ವರ್ಷದ ಬೈತಲೆಯನ್ನು
ಎರಡು ಸೆಕೆಂಡಿನಲ್ಲಿ ಕೆದರಿ ಹೋಯಿತು.
ಹಲ್ಲಿಗೆ ಧೂಳು, ಸೇಬಿನ ರಸಕ್ಕೂ ಧೂಳು.
ಹುಡುಗರು ಕುಣಿದರು.
ಸುಳ್ಳೇಕೆ, ನಾನೂ ಟೋಪಿ ತೆಗೆದೆ.

ಐವತ್ತೆಂಟು ಕಾರು. ಮಧ್ಯಾಹ್ನ ಅವೇ ಮತ್ತೊಮ್ಮೆ.
ಅಷ್ಟರಲ್ಲಿ ಜಾಡು ಗೇಣಾಳ ಇಳಿದಿತ್ತು,
ಅಡಿಯಲ್ಲಿ ಮಲಗಿದ್ದ ಹಿಮಯುಗದ ಗುಂಡುಗಳು
ಬೋಳುತಲೆ ಎತ್ತಿ ನೋಡುತ್ತಿದ್ದವು.
ಒಂದಕ್ಕೆ ತಾಗಿದ ಹತ್ತೊಂಬತ್ತನೆಯ ನಂಬರು
ಮೂರು ಕಾಲಲ್ಲಿ ಕುಂಟುತ್ತ ಬಂದು
ವೆಲ್ಗಾಳ ಮರದಡಿ ನಿಂತಿತು.
ಇಬ್ಬರು ಇಳಿದರು. ಮಾತಿಲ್ಲ.
ಅವನು ಚಕ್ರ ನೋಡಿದ, ಅವಳು ಆಕಾಶ.
ಇಡೀ ವರ್ಷ, ಒಂಬತ್ತು ದೇಶ ಸುತ್ತಿ
ಕೂಡಿಸಿದ ಅಂಕಗಳಂತೆ, ಇಲ್ಲಿಗೆ ಮುಗಿದವಂತೆ.
ವೆಲ್ಗಾ ಇಬ್ಬರಿಗೂ ರಸ ಕೊಟ್ಟಳು,
ದುಡ್ಡು ಬೇಡವೆಂದಳು. ಧೂಳಿತ್ತಲ್ಲ.

ಸಂಜೆ ಪಟ್ಟಿ ಬಿಚ್ಚಿದ ಮೇಲೆ ನನ್ನ ಸರದಿ.
ಅಲಗಿಗೆ ಸಿಕ್ಕಿದ್ದು ಬಂಪರಿನ ಚೂರು,
ಯಾವನದೋ ಎಡಗಾಲ ಬೂಟು,
ಮರದಡಿ ಹರಿದ ಒಂದು ಹಾಳೆ.
ಪೆನ್ಸಿಲ್ ಬರಹ, ನನಗೆ ಬಾರದ ಭಾಷೆ.
ಅಂಕಿಗೆ ಭಾಷೆಯೇನು?
ಕನ್ನಡಕ ಹಾಕಿ, ಬೆರಳಿಟ್ಟು ಹೋದೆ.
ಬಾಣ, ಆರು, ಎಂಬತ್ತು: ಇದು ಶಾಲೆಯ ಇಳಿಜಾರು.
ಬಾಣ, ಐದು: ಹಬೆಮನೆ ಸುಟ್ಟುಹೋದ ಜಾಗ.
ಎಡಬಾಣ, ನಾಲ್ಕು, ಎರಡು ಆಶ್ಚರ್ಯಚಿಹ್ನೆ.

ಅದು ಆರ್ನಿಸನ ತಿರುವು.
ನಾವು ಕರೆಯುವುದು ಹಾಗೆ, ನಕ್ಷೆಯಲ್ಲಿ ಹೆಸರಿಲ್ಲ.
ವೆಲ್ಗಾಳ ತಮ್ಮ. ಮಾರ್ಚಿಯ ಕೆಸರು. ಹೊಸ ಮೋಟಾರ್ ಸೈಕಲ್ಲು.
ದೂರದಿಂದ ಸಾಧುವಾಗಿ ಕಾಣುತ್ತದೆ,
ಒಳಗೆ ಹೋದ ಮೇಲೆ ಹಿಡಿಯುತ್ತದೆ.
ಫಲಕ ಹಾಕಿ ಎಂದು ಹನ್ನೊಂದು ಅರ್ಜಿ ಬರೆದೆ,
ಪರಿಶೀಲಿಸಲಾಗುವುದು ಎಂದು
ಹನ್ನೊಂದು ಉತ್ತರ ಬಂದವು, ಸೀಲು ಸಮೇತ.

ಮೊದಲೇ ಬಂದು, ನಿಧಾನ ಹೋಗಿ,
ದಾರಿ ಬರೆದುಕೊಳ್ಳುತ್ತಾರೆ ಎಂದಿದ್ದ ಚೀಟಿಯ ಹುಡುಗ.
ಎರಡು ಸಲ. ಎರಡೇ ಸಲ.
ಆಕೆಯದೇ ಇರಬೇಕು, ಎಷ್ಟು ಒತ್ತಿ ಬರೆದಿದ್ದಾಳೆಂದರೆ
ಹಾಳೆಯ ಹಿಂದೆ ಕೈಯಾಡಿಸಿದರೂ
ಆ ಎರಡು ಗೀಟು ತಾಗುತ್ತವೆ.

ವೆಲ್ಗಾ ಅಂಗಳದಲ್ಲಿ ಲೋಟ ತೊಳೆಯುತ್ತಿದ್ದಳು.
ತೋರಿಸಲಿಲ್ಲ, ಇನ್ನೂ.
ಹಾಳೆ ಅಂಗಿಯ ಜೇಬಿಗೆ, ಗ್ರೇಡರು ಎರಡನೇ ಗೇರಿಗೆ.
ಸೋಮವಾರ ಏಳೂವರೆಗೆ ಶಾಲೆಯ ಬಸ್ಸಿದೆ.
ಬೆಳಕಿರುವಾಗಲೇ
ಆ ತಿರುವಿಗೆ ಇನ್ನೊಂದು ಬಾಚು.