ಚೀಟಿಯಲ್ಲಿ ಯಂಗಮ್ಮ

ಕೆ.ಆರ್. ಆಸ್ಪತ್ರೆಯ ಕಿಟಕಿಯೊಳಗಿನ ಹುಡುಗ
ನನ್ನ ಮುಖ ನೋಡಿದ, ಆಮೇಲೆ ನನ್ನ ಹಿಂದೆ ನೋಡಿದ.
ಜೊತೆಗೆ ಬಂದವರು ಯಾರು?
ಯಾರೂ ಇಲ್ಲ, ನಾನೇ ಬಂದಿದ್ದೇನೆ.
ಹೆಸರು?
ಯಾಂಗ್ಜೊಮ್.
ಅವನು ಬರೆದುಕೊಂಡದ್ದು ಯಂಗಮ್ಮ.

ಇರಲಿ ಬಿಡು.
ಬೈಲುಕುಪ್ಪೆಯಿಂದ ಮೊದಲ ಬಸ್ಸಿಗೆ ನಿಂತೇ ಬಂದವಳಲ್ಲಿ
ಹೆಸರು ತಿದ್ದಿಸುವಷ್ಟು ಉಸಿರು ಉಳಿದಿರಲಿಲ್ಲ.
ನಮ್ಮ ಕಡೆ ‘ಯಂಗೆ’ ಅಂದರೆ ಹೇಗೆ.
ಹಾಗಾದರೆ ನಾನು ಹೇಗಮ್ಮ.
ಪ್ರಶ್ನೆಯೇ ಹೆಸರಾದ ಮೇಲೆ
ಕರೆದವರೆಲ್ಲ ಕೇಳಿದಂತೆಯೇ ಅಲ್ಲವೇ, ಯಂಗಿದ್ದೀಯವ್ವ ಎಂದು?
ಕರೆದರು. ಕೇಳಲಿಲ್ಲ.

ನರ್ಸಮ್ಮ ನನ್ನ ಪಕ್ಕದವಳನ್ನು ವಿಚಾರಿಸಿದಳು:
‘ಈಯಮ್ಮಂಗೆ ಹಿಂದಿ ಬರುತ್ತಾ?’
ಒಂಬತ್ತರ ವಯಸ್ಸಿಗೆ ಬಂದೆ ಈ ಸೀಮೆಗೆ.
ಡಬ್ಬ ಬಡಿದು ಆನೆ ಅಟ್ಟುವಾಗ
ಯಾವ ಭಾಷೆಯಲ್ಲಿ ಕೂಗಿದೆನೋ, ಆನೆಯನ್ನೇ ಕೇಳು.
ಮುಸುಕಿನ ಜೋಳದ ಹೊಲ, ಸೆಕೆ ತಾಳದೆ ಹೋದ ಅಪ್ಪ,
ಪಿರಿಯಾಪಟ್ಟಣದ ಸಂತೆಯಲ್ಲಿ ಕಲಿತ ಲೆಕ್ಕ, ಬೈಗುಳ,
ಎಲ್ಲವನ್ನೂ ಹೇಳಬಹುದಿತ್ತು.
ಹೇಳಿದ್ದು: ‘ಹಿಂದಿ ಬರಾಕಿಲ್ಲ ಮಗ, ಕನ್ನಡದಲ್ಲೇ ಏಳು.’
ನಕ್ಕಳು,
ತೊದಲು ಮಗುವಿಗೆ ನಗುತ್ತಾರಲ್ಲ, ಹಾಗೆ.

ಚಳಿಗಾಲ ಬಂತೆಂದರೆ ಫುಟ್‌ಪಾತಿನಲ್ಲಿ ಸ್ವೆಟರ್ ಹರವುತ್ತಿದ್ದೆ.
‘ಏ ನೇಪಾಳಿ’ ಎಂದರು, ‘ಏ ಚೀನಾ’ ಎಂದರು.
ಆಗ ಕಾಲಿತ್ತು, ಬಾಯಿತ್ತು,
ಕೂಗಿದವನಿಗೇ ಐವತ್ತು ಹೆಚ್ಚು ಹೇಳಿ ತೊಡಿಸಿ ಕಳಿಸುತ್ತಿದ್ದೆ.
ಈಗ ‘ಚೀನಾ ಅಜ್ಜಿ’ ಅನ್ನುತ್ತಾರೆ.
ಎರಡು ಕಲ್ಲು, ಒಂದೇ ಕೈ.
ಯಾವುದಕ್ಕೆ ಮೊದಲು ತಲೆ ತಗ್ಗಿಸಲಿ?

ಕೊರೋನಾ ವರ್ಷ, ಹುಣಸೂರು ಬಸ್ಸು.
ನನ್ನ ಪಕ್ಕದ ಸೀಟು ಖಾಲಿ, ಜನ ಜೋತಾಡಿಕೊಂಡು ನಿಂತಿದ್ದಾರೆ.
ಸೊಪ್ಪಿನ ಕುಕ್ಕೆ ಹೊತ್ತು ಹತ್ತಿದ ಹೊಂಬಾಳಮ್ಮ
‘ವಸಿ ಸರ್ಕೊ’ ಎಂದು ಕೂತೇಬಿಟ್ಟಳು.
ಎಲೆಗೆ ಸುಣ್ಣ ಸವರುತ್ತ, ನನ್ನ ಕಡೆ ತಿರುಗದೆ:
‘ನಂಗೂ ಲೋಟ ಬ್ಯಾರೆ ಮಡಗೋರು ಕಣಕ್ಕ.
ಈಗ್ಲೂ ಮಡಗ್ತಾರೆ. ಈಗ ಪ್ಲಾಸ್ಟಿಕ್ಕು.’
ಅಷ್ಟೇ.
ಇಲವಾಲ ಬರುವ ತನಕ ದಂಟಿನ ಸೊಪ್ಪಿನ ರೇಟು ಮಾತಾಡಿದೆವು.

ಡಾಕ್ಟರು ಫೈಲಿಗೆ ಹೇಳಿದರು:
ಎಪ್ಪತ್ತು ದಾಟಿದೆ. ಈ ವಯಸ್ಸಲ್ಲಿ ನೋಡೋದಕ್ಕೆ ಇನ್ನೇನಿದೆ?
‘ಎರಡು ಸೀದಾ, ಒಂದು ಉಲ್ಟಾ’ ಎಂದೆ.
ಹೆಣಿಗೆಯ ಕಣ್ಣಿ ಜಾರುತ್ತಿದೆ ಸ್ವಾಮಿ,
ಹೊಂಬಾಳಮ್ಮನ ಸ್ವೆಟರಿನ ಎಡತೋಳು ಗಿಡ್ಡವಾಗುತ್ತಿದೆ.
ಭಾಷೆ ಸಮಸ್ಯೆ, ಎಂದರು ಪಕ್ಕದವರಿಗೆ.

ಓದು ಬಾರದವರ ಬೋರ್ಡು ತಂದಿಟ್ಟರು,
ಮೂರು ಹಲ್ಲಿನ ಬಾಚಣಿಗೆ ಯಾವ ಕಡೆ ತಿರುಗಿದೆಯೆಂದು
ಬೆರಳು ತೋರಿಸಬೇಕಂತೆ.
ಅಕ್ಷರದ್ದು ಕೊಡಿ, ಎಂದೆ.
ಬಸ್ಸಿನ ಹಣೆ ನೋಡಿ ನೋಡಿ ಕಲಿತ ಅಕ್ಷರ.
ರ.
ಗ, ಠ.
ಮೂರನೆಯ ಸಾಲಿಗೆ ಮಂಜು ಇಳಿದಿತ್ತು.
ಬರೆದುಕೊಳ್ಳಿ: ಮಂಜು ಕಣ್ಣಿನದು, ಕನ್ನಡದ್ದಲ್ಲ.

ಪಟ್ಟಿ ಬಿಚ್ಚಿದ ದಿನ, ಕೈತೊಳೆಯುವ ಕಡೆ
ಎದುರಿಂದ ಒಬ್ಬ ಮುದುಕಿ ಬಂದಳು.
ನಮ್ಮ ಕ್ಯಾಂಪಿನವಳೇ ಇರಬೇಕು, ಬಾಡಿದ ಸೀಬೆಯಂಥ ಮುಖ.
ಪಾಪ, ವಯಸ್ಸಾಗಿದೆ,
ಈಯಮ್ಮಂಗೆ ಕನ್ನಡ ಬರುತ್ತೋ ಇಲ್ಲವೋ
ಎಂದುಕೊಂಡು ಪಕ್ಕಕ್ಕೆ ಸರಿದೆ.
ಅವಳೂ ಸರಿದಳು, ಅದೇ ಕಡೆಗೆ.

ನಕ್ಕೆ ನೋಡು, ಗೋಡೆ ಹಿಡಿದು ನಕ್ಕೆ.
ಆಯಾ ಓಡಿ ಬಂದಳು: ‘ಯಂಗಮ್ಮಾ, ಏನಾಯ್ತು?’
ಇವತ್ತು ಉಸಿರಿತ್ತು.
ಯಾಂಗ್ಜೊಮ್, ಎಂದೆ.
ಯಾ. ದೀರ್ಘ.