ಗಂಜಿ

ರಾತ್ರಿ ಎರಡೂ ಇಪ್ಪತ್ತಕ್ಕೆ ಫೋನು.
ಮುನ್ನೂರ ಹದಿನಾಲ್ಕು.
ಆ ಹೊತ್ತಿನಲ್ಲಿ ಜನ ಕೇಳುವುದು ಎರಡೇ:
ಐಸು, ಇಲ್ಲವೇ ಪಕ್ಕದ ಕೋಣೆಯ ಗಲಾಟೆಗೆ ನ್ಯಾಯ.
ಇವರು ಕೇಳಿದ್ದು ಇಸ್ತ್ರಿಪೆಟ್ಟಿಗೆ,
ಜೊತೆಗೆ ಅಡಿಗೆಮನೆಯಿಂದ ಒಂದು ಹಿಡಿ ಆಲೂಗಡ್ಡೆ ಹಿಟ್ಟು.

ಸಂಜೆ ಬಂದಿದ್ದರು, ಎತೆಲ್ಕ ನೇನಿ,
ಎಂಬತ್ತೆರಡು ವರ್ಷ, ಒಂದು ಕೈಚೀಲ.
ತಿರುಗುಬಾಗಿಲ ಮುಂದೆ ನಿಂತು
ಅದು ನಿಲ್ಲಲಿ ಎಂದು ಕಾಯುತ್ತಿದ್ದರು.
ನಾನೇ ಹೋಗಿ ಒಳಗೆ ಕರೆತಂದೆ.
ಬಿಸ್ಕತ್ತಿನ ಡಬ್ಬಿಯಿಂದ ಫೋರಿಂಟಿನ ನೋಟು ತೆಗೆದು
ಒಂದೊಂದಕ್ಕೂ ಅಂಗೈಯಿಂದ ಸುಕ್ಕು ಬಿಡಿಸಿ
ಅಮೃತಶಿಲೆಯ ಮೇಲೆ ಎಣಿಸಿದರು, ಮತ್ತೆ ಎಣಿಸಿದರು.
ಹಿಂದೆ ನಿಂತ ಸೂಟಿನವರು ಗಡಿಯಾರ ನೋಡಿಕೊಂಡರು.
"ಡ್ಯಾನ್ಯೂಬ್ ಕಾಣುವ ಕೋಣೆ ಕೊಡಲೇ?"
"ನದಿ ನೋಡಿದ್ದೇನೆ. ಅಂಗಳದ ಕಡೆ ಕೊಡು."

ಇಸ್ತ್ರಿಪೆಟ್ಟಿಗೆ ಹಿಡಿದು ಮೇಲೆ ಹೋದರೆ
ಹಾಸಿಗೆ ಬೆತ್ತಲೆ ಬಿದ್ದಿದೆ.
ದಿಂಬು ಸೋಫಾದ ಮೇಲೆ, ಕಂಬಳಿ ಕುರ್ಚಿಗೆ,
ಹಾಸುಬಟ್ಟೆಯ ಅಂಚು ಅವರ ಎರಡು ಬೆರಳ ನಡುವೆ,
ಹಿಟ್ಟಿನ ಹದ ನೋಡುವ ಹಾಗೆ.
ಮೂಲೆಯಲ್ಲಿ ಹೋಟೆಲಿನ ಗುರುತು, ಬಿಳಿ ಕಾಗೆ.
ಮೊದಲು ದಾರದಲ್ಲಿ ಹೊಲಿಯುತ್ತಿದ್ದರಂತೆ, ಈಗ ಅಚ್ಚು.
"ಯಾರಪ್ಪ ಒಗೆದವರು? ಗಂಜಿಯೇ ಇಲ್ಲ."
"ಈಗ ಇಲ್ಲಿ ಒಗೆಯುವುದಿಲ್ಲ ನೇನಿ.
ಬುಡಾಪೆಸ್ಟಿನ ಹೊರಗೆ ಕಾರ್ಖಾನೆ. ಲಾರಿ ಬರುತ್ತದೆ."
"ಲಾರಿ," ಎಂದು ಮೂಗು ಮುರಿದರು.

ಕಿಟಕಿಯ ಕೆಳಗೆ ಗಾಜಿನ ಚಾವಣಿ, ನೀಲಿ ಬೆಳಕು, ಈಜುಕೊಳ.
ಅಲ್ಲೇ ಅಂತೆ ತಂತಿ, ಹದಿನಾರು ಸಾಲು.
ಮೂವತ್ತೊಂದು ವರ್ಷ ನೆಲಮಾಳಿಗೆಯಲ್ಲಿ ಇವರು;
ಈ ಮಹಡಿ ಹತ್ತಿದ್ದು ಇವರ ಕೈಕೆಲಸ ಮಾತ್ರ.
ಜನರಲ್ಲುಗಳು, ಗಾಯಕಿಯರು, ಆಮೇಲೆ ಕಮಿಸಾರರು
ಎಲ್ಲರ ಹೊರಳಾಟ ಬಲ್ಲರು, ಒಬ್ಬರ ಮುಖವೂ ಕಂಡವರಲ್ಲ.
"ಯಾರು ಒಬ್ಬರೇ ಮಲಗಿದರು, ಯಾರು ಮಲಗಲೇ ಇಲ್ಲ,
ಬಟ್ಟೆ ಹೇಳುತ್ತಿತ್ತು.
ನಾವು ಕುದಿಯುವ ನೀರಿಗೆ ಹೇಳುತ್ತಿದ್ದೆವು.
ಅದಕ್ಕೆ ಬಾಯಿ ಭದ್ರ."

ಇಸ್ತ್ರಿ ಕಾಯುವವರೆಗೆ ಮುತ್ತಿಗೆಯ ಚಳಿಗಾಲದ ಮಾತು.
ನದಿಗೆ ಒಂದು ಸೇತುವೆಯೂ ಉಳಿದಿರಲಿಲ್ಲ.
ಬೀದಿಯಲ್ಲಿ ಸತ್ತ ಕುದುರೆಗಳೂ ಮುಗಿದಿದ್ದವು.
ಮೇಲೆ ನೃತ್ಯದ ಹಜಾರದಲ್ಲಿ ಪಿಯಾನೋ ಮೇಲೆ ಹಿಮ;
ಕೆಳಗೆ ಒಗೆಯುವ ಕೋಣೆಯಲ್ಲಿ ಎಪ್ಪತ್ತು ಜನ,
ಹಲ್ಲಿನ ಡಾಕ್ಟರು, ಮೂವರು ಅಡಿಗೆಯವರು,
ಯಾವನೋ ಬ್ಯಾರನ್ನನ ವಿಧವೆ.
ಮೂಲೆಯಲ್ಲಿ ಹನ್ನೊಂದು ಮೂಟೆ ಆಲೂಗಡ್ಡೆ ಹಿಟ್ಟು,
ಹಾಸುಬಟ್ಟೆ ಗರಿಗರಿ ನಿಲ್ಲಲೆಂದು ತರಿಸಿಟ್ಟದ್ದು.
ತಾಮ್ರದ ಹಂಡೆಗೆ ಹಿಮ ತುಂಬಿ ಕಾಯಿಸಿದರು.
"ಬಟ್ಟೆಯ ಗಂಜಿ ಹೊಟ್ಟೆಯ ಗಂಜಿಯಾಯಿತು.
ಉಪ್ಪಿಲ್ಲ. ಸೋಪಿನ ವಾಸನೆ.
ಆ ವಿಧವೆ ಬಟ್ಟಲು ನೆಕ್ಕಿ ಕೇಳಿದಳು, ಇದರ ಹೆಸರೇನು ಅಂತ.
ಕಾಲರು, ಅಂದೆ.
ನಿಮ್ಮ ಯಜಮಾನರ ಅಂಗಿಯ ಕಾಲರು."

ನಗುತ್ತ ನಗುತ್ತ ಕೆಮ್ಮಿದರು. ಇಸ್ತ್ರಿ ಕಾದಿತ್ತು.
ಐಸಿನ ಬಕೆಟ್ಟಿನಲ್ಲಿ ಹಿಟ್ಟು ಕದಡಿ, ಚಿಮುಕಿಸಿ,
ಎರಡು ತುದಿ ನನಗೆ ಕೊಟ್ಟರು, ಎರಡು ತಾವು ಹಿಡಿದರು.
"ಎಳಿ, ತಿವದರ್. ಹೆದರಬೇಡ, ಹರಿಯುವುದಿಲ್ಲ."
ಎದೆಯ ಪಟ್ಟಿಯಲ್ಲಿ ನನ್ನ ಹೆಸರು ಓದಿದವರು
ಆ ವರ್ಷ ಅವರೊಬ್ಬರೇ ಇರಬೇಕು.
ಎಳೆದೆ. ಆ ಕಡೆಯಿಂದ ಬಂದ ಸೆಳೆತಕ್ಕೆ
ನಾನೇ ಒಂದು ಹೆಜ್ಜೆ ಮುಗ್ಗರಿಸಿದೆ.
ಕೆಳಗೆ ಕೌಂಟರಿನಲ್ಲಿ ಫೋನು ಬಡಿದುಕೊಳ್ಳುತ್ತಿದ್ದೀತು.
ಬಡಿದುಕೊಳ್ಳಲಿ.

ಬೆಳಿಗ್ಗೆ ಬಿಲ್ಲಿನಲ್ಲಿದ್ದ ನೀರಿನ ಬಾಟಲಿಗೆ
ಜಗಳ ತೆಗೆದರು, ಗೆದ್ದರು.
ಕಾಲು ತಾನಾಗಿ ಹಿಂದಿನ ಮೆಟ್ಟಿಲ ಕಡೆ ಹೊರಟಿತು.
ಅಲ್ಲೀಗ ಗೋಡೆ; ಗೋಡೆಗೆ ಹಡಗಿನ ಚಿತ್ರ.
ಹಡಗನ್ನು ಸ್ವಲ್ಪ ಹೊತ್ತು ನೋಡಿ
ತಿರುಗುಬಾಗಿಲಿಗೆ ಬಂದರು. ಅದು ಒಂದು ಸುತ್ತು ಸುತ್ತಿಸಿ
ಪುನಃ ಒಳಗೇ ತಂದು ಬಿಟ್ಟಿತು.
"ಇದೂ ಹಿಂಡುವ ಯಂತ್ರವೇ," ಎಂದು
ಮತ್ತೆ ನುಗ್ಗಿದರು.

ನನ್ನ ಪಾಳಿ ಮುಗಿದಿತ್ತು. ಆದರೂ ಯಾಕೋ
ಲಾರಿ ಬರುವ ತನಕ ಹಿಂಬಾಗಿಲಲ್ಲಿ ಸಿಗರೇಟು ಸೇದುತ್ತ ನಿಂತೆ.
ಮೂಟೆಯೊಳಗೆ ಹಾಸುಗಳು ಬೀಳುತ್ತಿದ್ದವು, ಮೆತ್ತಗೆ,
ಒಂದರ ಮೇಲೊಂದು.
ಒಂದು ಮಾತ್ರ
ಕಾಗದದ ಹಾಗೆ ಸದ್ದು ಮಾಡಿತು.